ಲಂಗರು ಬಿಡುವ ಮೊದಲು ಕೆಳಗೆ ನೋಡಿ

ಹಿಂದೂ ಮಹಾಸಾಗರದ ದ್ವೀಪದೇಶ ಸೇಶೆಲ್ಸ್‌ನಿಂದ ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ, ಹೇಗಿತ್ತು ಅಂತ. ಚೆನ್ನಾಗಿತ್ತು. ಬಾಡಿಗೆ ಕಟಮರಾನ್‌ನಲ್ಲಿ, ಅಂದರೆ ಜೋಡಿ ಒಡಲಿನ ಹಾಯಿದೋಣಿಯಲ್ಲಿ, ಮಾಹೆ ದ್ವೀಪದಿಂದ ಹೊರಟು ಪ್ರಾಸ್ಲಿನ್, ಕ್ಯೂರಿಯೂಸ್, ಲಾ ಡೀಗ್ ದ್ವೀಪಗಳನ್ನು ಸುತ್ತಿ ಮತ್ತೆ ಮಾಹೆ. ಹಾಯಿ ಬಿಚ್ಚಿದರೆ ಮನೆ ಹೊರಟಿತು, ಲಂಗರು ಹಾಕಿದ ಕಡೆ ಊರು. ಮಕ್ಕಳು ಈಗಲೂ ಬೆಳಿಗ್ಗೆ ಏಳುವಾಗ ನೆಲ ಅಲ್ಲಾಡುತ್ತದೆ ಅನ್ನುತ್ತಾರೆ. ಆದರೆ ಆ ಖುಷಿಯ ಬಗ್ಗೆ ಬರೆಯೋಣ ಅಂತ ಕೂತರೆ ಮೊದಲು ಬರುವುದು ಸಿಟ್ಟು. ಅದನ್ನೇ ಬರೆದುಬಿಡುತ್ತೇನೆ.

ಪ್ರಾಸ್ಲಿನ್ ದ್ವೀಪದ ಎದುರಿಗೆ ಸೇಂಟ್ ಪಿಯರ್ ಅಂತ ಒಂದು ಪುಟ್ಟ ನಡುಗಡ್ಡೆ ಇದೆ. ಒಂದಿಷ್ಟು ಗ್ರಾನೈಟ್ ಬಂಡೆ, ಮೇಲೆ ಕೆಲವು ಮರ, ಅಷ್ಟೇ. ಸೇಶೆಲ್ಸ್ ಪೋಸ್ಟರುಗಳಲ್ಲಿ ನೀವೂ ನೋಡಿರುತ್ತೀರಿ. ಸುತ್ತ ನೀರಿನಡಿ ಹವಳ. ನಾವು ದೂರದ ಮರಳಿನ ಮೇಲೆ ಬೋಟ್ ನಿಲ್ಲಿಸಿ, ಡಿಂಗಿ ಅನ್ನುವ ಪುಟ್ಟ ದೋಣಿಯಲ್ಲಿ ಬಂದು, ಮಾಸ್ಕ್ ಹಾಕಿಕೊಂಡು ನೀರಿಗಿಳಿದಿದ್ದೆವು. ಅಷ್ಟರಲ್ಲಿ ಇನ್ನೊಂದು ಬಾಡಿಗೆ ಕಟಮರಾನ್ ಬಂತು. ನಿಧಾನವೂ ಮಾಡಲಿಲ್ಲ, ಕೆಳಗೆ ಏನಿದೆ ಅಂತ ನೋಡಲೂ ಇಲ್ಲ. ಸೀದಾ ಬಂಡೆಗಳ ಹತ್ತಿರಕ್ಕೆ ಬಂದು ಗಡಗಡ ಅಂತ ಚೈನು ಬಿಟ್ಟರು. ನೀರಿನೊಳಗೆ ಆ ಸದ್ದು ಕಿವಿಯ ಪಕ್ಕದಲ್ಲೇ ಆದ ಹಾಗೆ ಕೇಳುತ್ತದೆ.

ನಾನು ತಲೆ ಮುಳುಗಿಸಿ ನೋಡಿದೆ. ಲಂಗರಿನ ಮೂತಿ ಒಂದು ಗುಂಡನೆಯ ಹವಳದ ಅಂಚಿಗೆ ಸಿಕ್ಕಿತ್ತು. ಅವರು ಎಂಜಿನ್ ಹಿಂದಕ್ಕೆ ಹಾಕಿ ಎಳೆದರು. ಒಂದು ಕಡೆ ಪೂರ್ತಿ ಮುರಿದು, ಮಗ್ಗುಲಾಗಿ ಉರುಳಿತು. ಮುರಿದ ಜಾಗದಲ್ಲಿ ಬಿಳಿ ಸುಣ್ಣ. ಅಲ್ಲೇ ಅವಿತಿದ್ದ ಚಿಕ್ಕ ಮೀನುಗಳು ಎತ್ತ ಹೋಗಬೇಕೋ ತಿಳಿಯದೆ ಆ ಚೂರಿನ ಸುತ್ತಲೇ ತಿರುಗುತ್ತಿದ್ದವು. ನನ್ನ ಮಗಳು ಪಕ್ಕದಲ್ಲೇ ಇದ್ದಳು. ಅವಳೂ ನೋಡಿದಳು.

ಮರಳು ಅಲ್ಲೇ ಇತ್ತು ಕಣ್ರೀ. ಎರಡು ಬೋಟಿನ ಉದ್ದದಷ್ಟು ದೂರದಲ್ಲಿ, ಬೆಳ್ಳಗೆ ಹೊಳೆಯುವ ಮರಳು. ಅಲ್ಲಿ ಹಾಕಿದ್ದರೆ ಐದು ನಿಮಿಷ ಈಜಬೇಕಿತ್ತು. ಆ ಐದು ನಿಮಿಷ ಉಳಿಸಲು ಇಷ್ಟು ಮಾಡಿದರು.

ಈಜಿಕೊಂಡು ಹೋಗಿ ಹೇಳಿದೆ. ಓಡಿಸುತ್ತಿದ್ದವರು ಕೈ ಬೀಸಿ, ಅರ್ಧ ಗಂಟೆ ಅಷ್ಟೇ, ಹೊರಡುತ್ತೇವೆ ಅಂದರು. ಅರ್ಧ ಗಂಟೆ! ಅಂಥ ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರ್ ಆಸುಪಾಸು. ಮೊಣಕಾಲು ಎತ್ತರದ್ದು ಅಂದರೆ ನಮ್ಮ ಅಪ್ಪ ಅಮ್ಮನ ವಯಸ್ಸಿರಬಹುದು. ಆಳೆತ್ತರದ್ದಾದರೆ ನೂರು ವರ್ಷ ದಾಟಿದ್ದು.

ಜನ ಲಂಗರಿನ ಬಗ್ಗೆ ಮಾತ್ರ ಯೋಚಿಸುತ್ತಾರೆ. ಜಾಸ್ತಿ ಹಾಳು ಮಾಡುವುದು ಚೈನು. ಆರು ಮೀಟರ್ ನೀರಿದ್ದರೆ ಆರು ಮೀಟರ್ ಚೈನು ಬಿಟ್ಟು ಕೂರುವುದಕ್ಕಾಗುವುದಿಲ್ಲ. ಲಂಗರು ಅಡ್ಡಡ್ಡ ಎಳೆದರೆ ಮಾತ್ರ ಮರಳಿಗೆ ಕಚ್ಚುತ್ತದೆ, ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಅದಕ್ಕೇ ಆಳದ ಐದು ಪಟ್ಟಾದರೂ ಬಿಡಬೇಕು, ನೀರಿನಿಂದ ಬೋಟಿನ ಮೂತಿಯವರೆಗಿನ ಎತ್ತರ ಒಂದು ಮೀಟರನ್ನೂ ಆಳಕ್ಕೆ ಸೇರಿಸಿ. ಅಲ್ಲಿಗೆ ಮೂವತ್ತೈದು ಮೀಟರ್ ಆಯಿತು. ಹತ್ತು ಮಿಲಿಮೀಟರಿನ ಚೈನು ಮೀಟರಿಗೆ ಎರಡು ಕಿಲೋಗಿಂತ ಜಾಸ್ತಿ ತೂಗುತ್ತದೆ. ಒಟ್ಟು ಎಪ್ಪತ್ತು ಕಿಲೋ ಮೀರಿದ ಕಬ್ಬಿಣ, ಅದರ ಬಹುಪಾಲು ನೆಲದ ಮೇಲೆ ಬಿದ್ದಿರುತ್ತದೆ. ಗಾಳಿ ದಿಕ್ಕು ಬದಲಿಸಿದಾಗ ಬೋಟ್ ಸುತ್ತುತ್ತದೆ, ಬೋಟಿನ ಜೊತೆ ಚೈನೂ ಸುತ್ತುತ್ತದೆ. ಏಪ್ರಿಲ್‌ನಲ್ಲಂತೂ ಅಲ್ಲಿ ಎರಡು ಗಾಳಿಗಳ ನಡುವಿನ ಕಾಲ. ಒಮ್ಮೆ ಇತ್ತ, ಒಮ್ಮೆ ಅತ್ತ. ಒಂದು ರಾತ್ರಿಯಲ್ಲಿ ದೊಡ್ಡ ವೃತ್ತದಷ್ಟು ಜಾಗವನ್ನು ಚೈನು ಕಸಬರಿಕೆಯ ಹಾಗೆ ಗುಡಿಸಿಹಾಕುತ್ತದೆ. ಮರಳಾದರೆ ಏನೂ ಆಗುವುದಿಲ್ಲ. ಹವಳವಾದರೆ ಬೆಳಿಗ್ಗೆ ಉಳಿಯುವುದು ಪುಡಿ.

ಇದನ್ನು ತಪ್ಪಿಸುವುದು ಕಷ್ಟವಾ? ಖಂಡಿತ ಇಲ್ಲ. ನಾನು ಬೋಟ್ ಓಡಿಸಲು ಕಲಿತದ್ದು ದುಬೈನಲ್ಲಿ. ಅಲ್ಲಿ ಮೊದಲು ಕಲಿಸಿದ್ದೇ ಕೆಳಗೆ ನೋಡುವುದನ್ನು. ಸೂರ್ಯ ಮೇಲಿರುವಾಗ ನಿಲ್ಲುವ ಜಾಗ ಸೇರಬೇಕು. ಸಂಜೆ ನಾಲ್ಕರ ಮೇಲೆ ನೀರು ಕನ್ನಡಿಯಾಗಿಬಿಡುತ್ತದೆ, ಕೆಳಗಿನದು ಕಾಣುವುದಿಲ್ಲ. ಸೇಶೆಲ್ಸ್‌ನಲ್ಲಿ ವರ್ಷವಿಡೀ ಏಳರ ಹೊತ್ತಿಗೆ ಕತ್ತಲು. ಹಾಗಾಗಿ ನಾವು ಮಧ್ಯಾಹ್ನವೇ ತಲುಪುತ್ತಿದ್ದೆವು. ಮಗಳು ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಬೋಟಿನ ಮುಂಭಾಗದಲ್ಲಿ ಬಿಗಿದ ಬಲೆಯ ಮೇಲೆ ಬೋರಲು ಮಲಗುತ್ತಿದ್ದಳು. ತಿಳಿ ಹಸಿರು ಕಂಡರೆ ಮರಳು, ಕಪ್ಪಗೆ ಕಂಡರೆ ಹವಳ ಅಥವಾ ಕಡಲ ಹುಲ್ಲು. ಮಾತಾಡಿದರೆ ಎಂಜಿನ್ ಸದ್ದಿನಲ್ಲಿ ಕೇಳುವುದಿಲ್ಲ, ಹಾಗಾಗಿ ಕೈಸನ್ನೆ. ಎಡಕ್ಕೆ, ಎಡಕ್ಕೆ, ಸಾಕು. ಮುಷ್ಟಿ ಬಿಗಿದರೆ ನಿಲ್ಲಿಸು ಅಂತ. ನಮ್ಮ ಯಜಮಾನರು ಲಂಗರು ಬಿಡುತ್ತಿದ್ದರು, ಮಗ ಚೈನಿನ ಬಣ್ಣದ ಗುರುತು ಎಣಿಸುತ್ತಿದ್ದ. ಆಮೇಲೆ ದಡದ ಒಂದು ಬಂಡೆ, ಅದರ ಹಿಂದಿನ ಒಂದು ಮರ, ಎರಡನ್ನೂ ಒಂದೇ ಸಾಲಿನಲ್ಲಿ ಹಿಡಿದು ನೋಡುವುದು. ಸಾಲು ತಪ್ಪಲಿಲ್ಲ ಅಂದರೆ ಲಂಗರು ಕಚ್ಚಿದೆ. ಕೊನೆಗೆ ಯಾರಾದರೊಬ್ಬರು ಮಾಸ್ಕ್ ಹಾಕಿ ಇಳಿದು ಕಣ್ಣಾರೆ ನೋಡಿ ಬರಬೇಕು. ಮೂರನೇ ಕ್ಲಾಸಿನ ಹುಡುಗನಿಗೆ ಆಗುವ ಕೆಲಸ ಇದು.

ಸೇಂಟ್ ಪಿಯರ್ ಸಂಗತಿ ಸಂಜೆ ಊಟದ ಹೊತ್ತಿಗೆ ಮತ್ತೆ ಬಂತು. ಅಣ್ಣ ಅತ್ತಿಗೆಯೂ ಜೊತೆಗಿದ್ದರು. ಅಣ್ಣ ಅಂದ, "ಬಿಡೇ ಮಾರಾಯ್ತಿ, ನೀರು ಬಿಸಿಯಾಗಿ ಹವಳ ಹೇಗೂ ಸಾಯ್ತಾ ಇದೆ. ಒಂದು ಲಂಗರಿಂದ ಏನಾಗ್ತದೆ?" ಎಲ್ಲರೂ ಹೇಳುವ ಮಾತು ಇದು. ಓದಿದವರೇ ಜಾಸ್ತಿ ಹೇಳುತ್ತಾರೆ.

ಅರ್ಧ ನಿಜ. 1998ರಲ್ಲಿ ಕಡಲು ಕಾದು ಸೇಶೆಲ್ಸ್‌ನ ಒಳದ್ವೀಪಗಳ ಸುತ್ತ ಶೇಕಡಾ 90ಕ್ಕಿಂತ ಹೆಚ್ಚು ಹವಳ ಸತ್ತಿತು. 2016ರಲ್ಲಿ ಮತ್ತೆ ಹೊಡೆತ. ಆದರೆ ಆ ಎರಡರ ನಡುವೆ ಏನಾಯಿತು ಅಂತ ಅಣ್ಣನಿಗೆ ಗೊತ್ತಿರಲಿಲ್ಲ. ವಿಜ್ಞಾನಿಗಳು 21 ಹವಳ ದಿಬ್ಬಗಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 12 ಚೇತರಿಸಿಕೊಂಡಿದ್ದವು. ಉಳಿದ 9 ಪಾಚಿಯ ಪಾಲಾದವು. ಯಾವುದು ಬದುಕಿತು ಗೊತ್ತಾ? ಸ್ವಲ್ಪ ಆಳದಲ್ಲಿದ್ದದ್ದು, ಮತ್ತೆ ಏರುತಗ್ಗು, ಸಂದುಗೊಂದು ಹಾಗೇ ಉಳಿದಿದ್ದದ್ದು. ಆ ಸಂದುಗಳಲ್ಲಿ ಮೀನು ಇರುತ್ತದೆ, ಮೀನು ಪಾಚಿ ತಿನ್ನುತ್ತದೆ, ತೆರವಾದ ಜಾಗದಲ್ಲಿ ಮರಿ ಹವಳ ಹತ್ತಿಕೊಳ್ಳುತ್ತದೆ. ಚೈನು ಪುಡಿ ಮಾಡುವುದು ಆ ಸಂದುಗಳನ್ನೇ. ಕಾಯಿಲೆ ಬಿದ್ದವರು ಹೇಗೂ ಸಾಯುತ್ತಾರೆ ಅಂತ ಮೂಳೆ ಮುರಿಯುತ್ತೀರಾ? ಇದನ್ನೇ ಅಣ್ಣನಿಗೆ ಕೇಳಿದೆ. ದನಿ ಏರಿತು. ಅತ್ತಿಗೆ ಎದ್ದು ಪಾತ್ರೆ ಒಳಗಿಟ್ಟರು. ಆ ರಾತ್ರಿ ನಾನು ಡೆಕ್ ಮೇಲೆ ಒಬ್ಬಳೇ ಕೂತು ಅತ್ತೆ. ಅಣ್ಣನ ಮೇಲಿನ ಸಿಟ್ಟಿಗಲ್ಲ. ಮಗಳು ಮಲಗುವ ಮೊದಲು "ಅಮ್ಮಾ, ಅದು ಮತ್ತೆ ಅಂಟಿಕೊಳ್ತದಾ?" ಅಂತ ಕೇಳಿದ್ದಳು.

ಅಂಟಿಸುವವರೂ ಇದ್ದಾರೆ. ಪ್ರಾಸ್ಲಿನ್ ಪಕ್ಕದ ಕಸಿನ್ ದ್ವೀಪದ ಹತ್ತಿರ 2010ರಿಂದ ನೀರಿನಡಿ ಹವಳದ ನರ್ಸರಿ ಮಾಡಿದ್ದಾರೆ. ಬದುಕಿರುವ ಹವಳದ ಚೂರುಗಳನ್ನು ಹಗ್ಗಕ್ಕೆ ಕಟ್ಟಿ ಬೆಳೆಸಿ, ಡೈವರ್‌ಗಳು ಒಂದೊಂದನ್ನೇ ಕೈಯಲ್ಲಿ ಹಿಡಿದು ಸತ್ತ ದಿಬ್ಬಕ್ಕೆ ಸಿಮೆಂಟಿನಿಂದ ಕೂರಿಸಿದ್ದಾರೆ. ಸಾವಿರಾರು ಚೂರುಗಳು. ಆ ಕೈಗಳ ಕೆಲಸ ಒಂದು ಕಡೆ, ಐದು ನಿಮಿಷ ಈಜಲಾರದವರ ಲಂಗರು ಇನ್ನೊಂದು ಕಡೆ. ಹೊಟ್ಟೆ ಉರಿಯುವುದಿಲ್ಲವಾ?

ಅದೇ ಕಸಿನ್ ದ್ವೀಪಕ್ಕೆ ಹೊರಗಿನ ಬೋಟ್ ದಡ ಮುಟ್ಟುವಂತಿಲ್ಲ. ದ್ವೀಪದವರು ತಮ್ಮದೇ ದೋಣಿ ತಂದು ಕರೆದುಕೊಂಡು ಹೋಗುತ್ತಾರೆ, ಇಲಿ ಗಿಲಿ ಬರದಿರಲಿ ಅಂತ. 1968ರಲ್ಲಿ ಹಕ್ಕಿಗಳನ್ನು ಉಳಿಸುವ ಸಂಸ್ಥೆಯೊಂದು ಆ ದ್ವೀಪವನ್ನು ಕೊಂಡಾಗ ಅಲ್ಲಿದ್ದ ಸೇಶೆಲ್ಸ್ ವಾರ್ಬ್ಲರ್ ಹಕ್ಕಿಗಳು ಮೂವತ್ತರ ಸುಮಾರು. ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಈಗ ಹಲವು ದ್ವೀಪಗಳಲ್ಲಿ ಹಾರಾಡುತ್ತಿವೆ. ಕಟ್ಟುನಿಟ್ಟು ಮಾಡಿದರು, ಹಕ್ಕಿ ಉಳಿಯಿತು. ಅಲ್ಲಿಗೆ ಹೋದ ಯಾರೂ ನಮ್ಮ ರಜೆ ಹಾಳಾಯಿತು ಅಂತ ಗೊಣಗುವುದನ್ನು ನಾನು ಕೇಳಲಿಲ್ಲ. ಬೋಟ್ ಬಾಡಿಗೆಗೆ ಕೊಡುವವರೂ ಹೀಗೇ ಮಾಡಬಹುದು. ಕೀಲಿ ಕೊಡುವ ಮುಂಚೆ ಫ್ರಿಜ್ ಹೇಗೆ, ಟಾಯ್ಲೆಟ್ ಪಂಪ್ ಹೇಗೆ, ಸ್ಪೀಕರ್ ಹೇಗೆ ಅಂತ ಒಂದು ತಾಸು ಹೇಳುತ್ತಾರೆ. ಹವಳದ ಮೇಲೆ ಲಂಗರು ಹಾಕಬೇಡಿ ಅಂತ ನಮಗೆ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದರು. ಎಲ್ಲಿ ಮರಳಿದೆ, ಎಲ್ಲಿ ಲಂಗರು ಹಾಕದೆ ಬೋಟ್ ಕಟ್ಟಲು ಮೂರಿಂಗ್ ಬಾಯ್, ಅಂದರೆ ತಳಕ್ಕೆ ಬಿಗಿದ ತೇಲುಬುರುಡೆ ಇದೆ ಅಂತ ಕಡಲ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿ ಅಂತ ನಾನೇ ಕೇಳಬೇಕಾಯಿತು.

ಇಷ್ಟು ಹೇಳಿದರೆ ಕೆಲವರು, ಎಲ್ಲೋ ಇರುವ ದೇಶ, ನಿನಗ್ಯಾಕೆ ಅನ್ನುತ್ತಾರೆ. ಮೇ ತಿಂಗಳಲ್ಲಿ ಸೇಶೆಲ್ಸ್‌ನಲ್ಲಿ ಆಗ್ನೇಯದ ಗಾಳಿ ಶುರುವಾಗುತ್ತದೆ. ಅದೇ ಗಾಳಿ ಸಮಭಾಜಕ ವೃತ್ತ ದಾಟಿ, ತಿರುಗಿ, ಜೂನ್‌ನಲ್ಲಿ ನಮ್ಮ ಕುಮಟಾದ ಮನೆಯ ಹೆಂಚಿನ ಮೇಲೆ ಮುಂಗಾರಾಗಿ ಬೀಳುತ್ತದೆ. ಕಡಲು ಒಂದೇ. ಹವಳವೂ ನಮ್ಮಲ್ಲಿದೆ. ಮುರ್ಡೇಶ್ವರದಿಂದ ಬೋಟ್ ಹತ್ತಿ ನೇತ್ರಾಣಿಗೆ ಡೈವಿಂಗ್ ಹೋಗಿ ಬಂದ ಫೋಟೋಗಳನ್ನು ನಿಮ್ಮಲ್ಲಿ ಎಷ್ಟು ಜನ ಹಾಕಿಲ್ಲ?

ಮಳೆಗಾಲ ಮುಗಿದು ಈ ಸಲ ನೇತ್ರಾಣಿಗೆ ಹೋಗುವವರು ದುಡ್ಡು ಕೊಡುವ ಮುಂಚೆಯೇ ಒಂದು ಮಾತು ಕೇಳಿ. ಅಣ್ಣಾ, ಅಲ್ಲಿ ಬೋಟ್ ಹೇಗೆ ನಿಲ್ಲಿಸ್ತೀರಿ, ಲಂಗರು ಎಲ್ಲಿ ಬೀಳ್ತದೆ ಅಂತ. ಅವರು ಏನಂದರು ಅಂತ ಇಲ್ಲೇ ಕೆಳಗೆ ಬರೆಯಿರಿ. ಸರಿಯಾಗಿ ಉತ್ತರ ಕೊಟ್ಟವರ ಬೋಟಿಗೆ ನಾನೇ ಹತ್ತು ಜನರನ್ನು ಕಳಿಸುತ್ತೇನೆ.