ನಮ್ಮ ಮನೆಯವರು 1918ರಲ್ಲಿ ಹೋದರು

ಮಗನ ಮೂವರು ಗೆಳೆಯರಲ್ಲಿ ಒಬ್ಬನಿಗೆ ಜ್ವರ ಬಂದದ್ದೇ ಇಷ್ಟಕ್ಕೆಲ್ಲ ಕಾರಣ. ಭಾನುವಾರ ಮಧ್ಯಾಹ್ನ ಉಳಿದ ಇಬ್ಬರು ಹಾಲಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರು. ನಿಪ್ಪಟ್ಟಿನ ಡಬ್ಬಿ ಇಟ್ಟು ಸುಮ್ನೆ ಒಳಗೆ ಹೋಗುವವಳಿದ್ದೆ. "ಅಮ್ಮ, ಒಬ್ಬರು ಕಮ್ಮಿ ಇದಾರೆ. ನೀನೇ ಕೂತ್ಕೋ" ಅಂದ ಮಗ.

ಚಾಪೆಯ ಮೇಲೆ ದಾಳಗಳು ಕಂಡವು. ಚೌಕಾಬಾರದ ತರಹ ಏನೋ ಇರಬೇಕು ಅಂದುಕೊಂಡು ಸೆರಗು ಸಿಕ್ಕಿಸಿ ಕೂತೆ. ಅಜ್ಜಿಯ ಎದುರು ಕವಡೆ ಎಸೆದು ಪಳಗಿದ ಕೈ ಇದು. ಈ ಹುಡುಗರು ಯಾವ ಲೆಕ್ಕ?

ಆದರೆ ಇದರಲ್ಲಿ ಮನೆಯೂ ಇಲ್ಲ, ಕಾಯಿಯೂ ಇಲ್ಲ, ಹಣ್ಣಾಗುವುದೂ ಇಲ್ಲ. ಕಥೆ ಹೇಳಿಕೊಂಡೇ ಆಡಬೇಕಂತೆ. ಕಥೆ ನಡೆಸುವವನಿಗೆ ಕೀಪರ್ ಅಂತ ಹೆಸರು. ಅದು ನನ್ನ ಮಗ. ಉಳಿದವರೆಲ್ಲ ಕಥೆಯೊಳಗಿನ ಪತ್ತೇದಾರರು. ಪತ್ತೆ ಮಾಡಬೇಕಾದ್ದು ಕಳ್ಳರನ್ನಲ್ಲ, ಕಂಡರೆ ತಲೆ ಕೆಡುವಂಥ ಏನೇನನ್ನೋ. ಆಟದ ಹೆಸರು 'ಕಾಲ್ ಆಫ್ ಕ್ಥುಲು'. ಸ್ಯಾಂಡಿ ಪೀಟರ್ಸನ್ ಅನ್ನುವವರು ರೂಪಿಸಿದ್ದು, ಅಮೆರಿಕದಲ್ಲಿ 1981ರಲ್ಲಿ ಬಂದದ್ದು. ಈ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಹುಡುಗರು ಎರಡೆರಡು ಸಲ ಪುಸ್ತಕ ನೋಡಿಕೊಳ್ಳುತ್ತಾರೆ. ಕ ಅಕ್ಷರಕ್ಕೆ ಥ ಒತ್ತು ಕೊಟ್ಟರೆ ಮುಗಿಯಿತಪ್ಪ, ಅದಕ್ಕೇನು ಕಷ್ಟ?

"ಮೊದಲು ನಿನ್ನ ಕ್ಯಾರೆಕ್ಟರ್ ಮಾಡೋಣ. ಅರ್ಧ ಗಂಟೆ ಸಾಕು" ಅಂದ ಮಗ. ಎರಡೂವರೆ ಗಂಟೆ ಹಿಡಿಯಿತು. ಅದರಲ್ಲಿ ಅರ್ಧ ಗಂಟೆ ಅಟ್ಲಾಸಿಗೆ ಹೋಯಿತು. ಕಥೆ ನಡೆಯುವುದು 1925ರಲ್ಲಿ, ಮ್ಯಾಸಚೂಸೆಟ್ಸ್‌ನ ಆರ್ಕಮ್ ಅನ್ನುವ ಊರಿನಲ್ಲಿ ಅಂದ. 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವಳು ನಾನು. ನಕ್ಷೆಯಲ್ಲಿ ಎಲ್ಲಿದೆ ಅಂತ ನೋಡದೆ ಒಂದು ಊರಿಗೆ ಹೋಗುವುದು ನನ್ನಿಂದಾಗದು. ಕನ್ನಡಕ ಏರಿಸಿ, ಭೂತಗನ್ನಡಿ ಹಿಡಿದು ಹುಡುಕಿದೆ. ಬಾಸ್ಟನ್ ಸಿಕ್ಕಿತು, ಸೇಲಮ್ ಸಿಕ್ಕಿತು, ಆರ್ಕಮ್ ಮಾತ್ರ ಇಲ್ಲ. ಆಗ ಒಬ್ಬ ಹುಡುಗ ಮೆಲ್ಲಗೆ, "ಆಂಟಿ, ಅದು ಕಥೆಗಾರರು ಕಟ್ಟಿದ ಊರು, ನಿಜವಾಗಿ ಇಲ್ಲ" ಅಂದ. ಇದನ್ನು ಮೊದಲೇ ಹೇಳಬಾರದಿತ್ತೇ? ನಾನು ಹುಡುಕುವುದನ್ನು ನೋಡುತ್ತಾ ಅರ್ಧ ಡಬ್ಬಿ ನಿಪ್ಪಟ್ಟು ಮುಗಿಸಿದ್ದರು.

ಆಮೇಲೆ ದಾಳ. ಮೂರು ದಾಳ ಎಸೆದು, ಕೂಡಿಸಿ, ಐದರಿಂದ ಗುಣಿಸಿದರೆ ನಮ್ಮ ಶಕ್ತಿ ಎಷ್ಟು ಅಂತ ಬರುತ್ತದೆ. ಎರಡೂ ಅಂಗೈ ಮುಚ್ಚಿ, ಚೆನ್ನಾಗಿ ಕುಲುಕಿ, ಅಜ್ಜಿಯ ಹಾಗೇ ಬೀಸಿ ಎಸೆದೆ. ಎರಡು ಚಾಪೆಯ ಮೇಲೆ ನಿಂತವು. ಮೂರನೆಯದು ಬೀರುವಿನ ಕೆಳಗೆ ಹೋಯಿತು. ಪೊರಕೆ ಹಾಕಿ ಎಳೆದಾಗ ಒಂದು ಹೇರ್‌ಪಿನ್ನು, ಎರಡು ಹುಣಸೆಬೀಜ, ಹೋದ ವರ್ಷ ಕಳೆದುಹೋಗಿದ್ದ ಗ್ಯಾಸಿನ ಪುಸ್ತಕ, ಕೊನೆಗೆ ದಾಳ ಬಂತು. ಮೂರೂ ಸೇರಿ ಆರು. ಐದಾರಲ ಮೂವತ್ತು. ನಾನು ಪಾಠ ಹೇಳುತ್ತಿದ್ದಾಗ ಪರೀಕ್ಷೆಯಲ್ಲಿ 35ಕ್ಕೆ ಪಾಸು ಇತ್ತು. ನನ್ನ ಶಕ್ತಿ ಫೇಲು.

ಮುಂದಿನದು ಗಾತ್ರ. ಎತ್ತರ, ಮೈಕಟ್ಟು ಎರಡೂ ಸೇರಿದ ಲೆಕ್ಕವಂತೆ. ಅದಕ್ಕೆ ಮಾತ್ರ ದಾಳ ಎಲ್ಲೂ ಓಡಿಹೋಗಲಿಲ್ಲ. ಕಣ್ಣೆದುರೇ ನಿಂತು 85 ತೋರಿಸಿತು. ಹುಡುಗರು ಚಾವಣಿ ನೋಡಿದರು. ಧೈರ್ಯವಾಗಿ ನಗಲು ಅವರಿಗೆ ಇನ್ನೂ ನಿಪ್ಪಟ್ಟು ಬೇಕಿತ್ತು.

ವಯಸ್ಸು ಎಷ್ಟು ಅಂತ ಕೇಳಿದಾಗ ನಾನು ತಪ್ಪು ಮಾಡಿದೆ. ಹಾಳು ಪ್ರಾಮಾಣಿಕತೆ. ಇದ್ದದ್ದು ಇದ್ದ ಹಾಗೆ 54 ಅಂದುಬಿಟ್ಟೆ. ಐವತ್ತು ದಾಟಿದವರಿಗೆ ಈ ಆಟದಲ್ಲಿ ಕಟಾವು ಇದೆ. ಶಕ್ತಿ, ಮೈಗಟ್ಟಿತನ, ಚುರುಕು ಇವುಗಳಲ್ಲಿ ಒಟ್ಟು 10 ಹೋಯಿತು. ಅಂದಚಂದದಲ್ಲಿ ಇನ್ನೊಂದು 10. ಎಲ್ಲರಿಗೂ ಸಾಮಾನ್ಯವಾಗಿ 8 ಇರುವ ಓಡುವ ವೇಗ, ಗಾತ್ರಕ್ಕೆ ಒಂದು, ವಯಸ್ಸಿಗೆ ಎರಡು ಕಳೆದು 5ಕ್ಕೆ ನಿಂತಿತು. ದೆವ್ವ ಅಟ್ಟಿಸಿಕೊಂಡು ಬಂದರೆ ಇದರಲ್ಲಿ ತಪ್ಪಿಸಿಕೊಳ್ಳಬಹುದೇ ಅಂದೆ. "ಜೊತೆಗಿರೋರು ತಪ್ಪಿಸ್ಕೋಬಹುದು ಕಣಮ್ಮ" ಅಂದ ನನ್ನ ಹೊಟ್ಟೆಯಲ್ಲಿ ಹುಟ್ಟಿದವನು.

ಒಂದೇ ಸಮಾಧಾನ. ಪೆಟ್ಟು ತಡೆಯುವ ತಾಕತ್ತಿಗೆ ಮೈಗಟ್ಟಿತನಕ್ಕೆ ಗಾತ್ರ ಕೂಡಿಸಿ ಹತ್ತರಿಂದ ಭಾಗಿಸುತ್ತಾರೆ. ನನಗೆ 13 ಬಂತು. ಜಿಮ್ಮಿಗೆ ಹೋಗಿ ತೆಳ್ಳಗಾದ ಪತ್ತೇದಾರನಿಗೆ ಬರೀ 10.

ವಯಸ್ಸಾದವರು ಓದಿಕೊಂಡಿರುತ್ತಾರೆ ಅನ್ನುವ ಮರ್ಯಾದೆಯೂ ಆಟಕ್ಕೆ ಇದೆ. ವಿದ್ಯೆ ಹೆಚ್ಚಿಸಿಕೊಳ್ಳಲು ಮೂರು ಅವಕಾಶ. ನೂರರ ದಾಳ, ಅಂದರೆ ಹತ್ತರ ಸ್ಥಾನಕ್ಕೊಂದು, ಬಿಡಿಗೊಂದು ಅಂತ ಎರಡು ದಾಳ ಎಸೆದು, ಇರುವ ವಿದ್ಯೆಗಿಂತ ಜಾಸ್ತಿ ಬಿದ್ದರೆ ಹೆಚ್ಚುತ್ತದೆ. ನನ್ನದು 75 ಇತ್ತು. ಮೊದಲನೆಯದು 3 ಬಿತ್ತು. ಹುಡುಗರು ಅಯ್ಯೋ ಅಂತ ತಲೆ ಹಿಡಿದುಕೊಂಡರು. ಆಟ ಶುರುವಾದ ಮೇಲೆ ಕಮ್ಮಿ ಬಿದ್ದಷ್ಟೂ ಒಳ್ಳೆಯದಂತೆ, ಈ 3 ಸುಮ್ನೆ ಹಾಳಾಯಿತಂತೆ. ಎರಡನೆಯದು 81. ನಾಲ್ಕು ಹೆಚ್ಚಿತು. ಮೂರನೆಯದಕ್ಕೆ ಸೊನ್ನೆಗಳೇ ಸೊನ್ನೆ. ಸೊನ್ನೆ ಅಂದರೆ ನೂರಂತೆ. "ನೂರಕ್ಕೆ ನೂರು!" ಅಂತ ಕೂಗಿದೆ. ಇಷ್ಟು ವರ್ಷದಲ್ಲಿ ಸಮಾಜ ವಿಜ್ಞಾನಕ್ಕೆ ನಾನೇ ಯಾರಿಗೂ ಕೊಟ್ಟಿರದ ಅಂಕ! ಮಗ ತಣ್ಣಗೆ, "ಈಗ ಖುಷಿಪಡು. ಆಟದಲ್ಲಿ ಇದೇ ಬಿದ್ರೆ ನಿನ್ನ ಬಂದೂಕು ನಿನ್ನ ಕೈಯಲ್ಲೇ ಸಿಡಿಯುತ್ತೆ" ಅಂದ. ಅಂತೂ ಇನ್ನೊಂದು ಆರು ಸೇರಿ ವಿದ್ಯೆ 85 ಆಯಿತು.

ಆ 85ರ ಅರ್ಧ ಎಷ್ಟು, ಐದನೇ ಒಂದು ಭಾಗ ಎಷ್ಟು ಅಂತಲೂ ಪಕ್ಕದಲ್ಲಿ ಬರೆಯಬೇಕು. ಕಷ್ಟದ ಕೆಲಸಕ್ಕೆ ಅರ್ಧದೊಳಗೆ ಬೀಳಬೇಕು, ಅತಿ ಕಷ್ಟದ್ದಕ್ಕೆ ಐದನೇ ಒಂದರೊಳಗೆ. ನಾನು 43 ಬರೆದೆ. ಮಗ 42 ಅಂದ. ನಲವತ್ತೆರಡೂವರೆ ಅಂದರೆ 43 ಅಲ್ವಾ? ಅರ್ಧ ಅಂಕ ಬಂದರೆ ಮಕ್ಕಳ ಪರವಾಗಿಯೇ ಕೊಟ್ಟು ಅಭ್ಯಾಸ ನನಗೆ. ಇವರು ಕೆಳಕ್ಕೆ ಇಳಿಸುತ್ತಾರೆ. ಇಂಥವರ ಕೈಗೆ ಯಾವ ಮಕ್ಕಳ ಪೇಪರೂ ಸಿಗದಿರಲಿ.

ಕೆಲಸ ಆರಿಸಿಕೋ ಅಂದರು. ಡಾಕ್ಟರು, ಪತ್ರಕರ್ತೆ, ಪೊಲೀಸ್ ಡಿಟೆಕ್ಟಿವ್, ಪ್ರೊಫೆಸರ್ ಎಲ್ಲ ಇತ್ತು. ಮತ್ತೆ ಪಾಠ ಹೇಳುವ ಉಸಾಬರಿ ಬೇಡವೇ ಬೇಡ. ಲೈಬ್ರರಿಯನ್ ಅಂದೆ. ವಿದ್ಯೆಯನ್ನು ನಾಲ್ಕರಿಂದ ಗುಣಿಸಿದರೆ 340 ಪಾಯಿಂಟು. ಅದನ್ನು ಕೆಲಸಕ್ಕೆ ಬೇಕಾದ ಕೌಶಲಗಳಿಗೆ ಹಂಚಬೇಕು. ಸಂಬಳ ಬಂದ ದಿನ ಹಾಲು, ದಿನಸಿ, ಚೀಟಿ ಅಂತ ಹಂಚಿದ್ದೇ ಹಂಚಿದ್ದು ನೆನಪಾಯಿತು. ಇದು ನನಗೆ ನೀರು ಕುಡಿದಷ್ಟು ಸುಲಭ. ಲೈಬ್ರರಿಯಲ್ಲಿ ಹುಡುಕುವುದಕ್ಕೆ 80 ಮಾಡಿದೆ. ಲೆಕ್ಕಪತ್ರಕ್ಕೆ 60. ಬಂದೂಕಿಗೆ ಒಂದು ಕಾಸೂ ಇಲ್ಲ. ಈಜು ಮಾತ್ರ ಎಲ್ಲರಿಗೂ ಪುಕ್ಕಟೆ 20 ಇರುತ್ತದೆ. ಹುಟ್ಟೂರಿನ ಕೆರೆಯಲ್ಲಿ ಮೊಣಕಾಲು ದಾಟಿ ಇಳಿಯದವಳಿಗೆ ಅದೇ ದೊಡ್ಡ ಸಂಗತಿ.

ಹಾಳೆಯ ನಡುವೆ ಒಂದು ಕಡೆ ಬರೀ ಸೊನ್ನೆ ಇತ್ತು. ಆ ತಲೆ ಕೆಡಿಸುವ ಕ್ಥುಲು ಮತ್ತು ಅದರ ಬಳಗದ ಬಗ್ಗೆ ಎಷ್ಟು ಗೊತ್ತು ಅನ್ನುವ ಸಾಲು. ಕೀಪರ್ ಪ್ರಶ್ನೆ ಕೇಳುವುದೇ ಅದರ ಮೇಲೆ, ಆ ಪಾಠವನ್ನೇ ಓದದೆ ಹೋಗುವುದೇ? 30 ಹಾಕಲು ಪೆನ್ಸಿಲ್ ಊರಿದೆ. ಮೂವರೂ ಒಟ್ಟಿಗೆ ಕಿರುಚಿದರು. ಅಲ್ಲಿ ಮೊದಲು ಏನೂ ಹಾಕುವ ಹಾಗಿಲ್ಲ, ಆಡುತ್ತಾ ಆಡುತ್ತಾ ತಾನಾಗಿ ಏರಬೇಕು. ಅದು ಏರಿದಷ್ಟೂ ಬುದ್ಧಿಸ್ವಾಸ್ಥ್ಯದ ಮಿತಿ ಇಳಿಯುತ್ತದೆ. 99ರಿಂದ ಅದನ್ನು ಕಳೆದು ಉಳಿದಷ್ಟೇ ಗರಿಷ್ಠ. ಹೆಚ್ಚು ತಿಳಿದವನು ಬೇಗ ಹುಚ್ಚನಾಗುತ್ತಾನೆ ಅಂತ ಅರ್ಥ. ಕೊನೆಯ ಬೆಂಚಿನ ಹುಡುಗರು ನನಗೆ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದರು. ಸುಮ್ನೆ ಅವರಿಗೆ ಬೈದೆ.

ಕೊನೆಗೆ ಹಿನ್ನೆಲೆ ಬರೆಯಬೇಕು. ಹೆಸರು ಮಾರ್ಗರೆಟ್ ಅಂತ ಇಟ್ಟೆ. ನಿನಗೆ ಮುಖ್ಯವಾದ ವ್ಯಕ್ತಿ ಯಾರು, ಜೀವದ ಹಾಗೆ ಕಾಪಾಡುವ ವಸ್ತು ಯಾವುದು ಅಂತೆಲ್ಲ ಕೇಳುತ್ತದೆ. 54ರ ಹೆಂಗಸು ರಾತ್ರಿ ಹೊತ್ತು ಪಾಳು ಮನೆಗಳಲ್ಲಿ ದೆವ್ವ ಹುಡುಕುತ್ತಾಳೆ ಅಂದರೆ ಮನೆಯಲ್ಲಿ ಕೇಳುವವರು ಇರಬಾರದು. ಹಾಗಾಗಿ ಗಂಡನನ್ನು ತೆಗೆದುಬಿಡುವುದೇ ಸರಿ ಅನಿಸಿತು. ಇತಿಹಾಸ ಕೈಕೊಡಲಿಲ್ಲ. 1918ರ ಫ್ಲೂ ಬಾಸ್ಟನ್ ಕಡೆ ತುಂಬ ಜನರನ್ನು ಕೊಂದಿತ್ತು. 'ಗಂಡ ಹೆನ್ರಿ, ಫ್ಲೂನಿಂದ ತೀರಿಕೊಂಡ. ಊಟವಾದ ಮೇಲೆ ತಟ್ಟೆ ಅಲ್ಲೇ ಬಿಡುತ್ತಿದ್ದ. ಗಂಟೆಗೊಮ್ಮೆ ಕಾಫಿ ಕೇಳುತ್ತಿದ್ದ' ಅಂತ ಬರೆದೆ. ಕಾಪಾಡುವ ವಸ್ತು: ಹೆನ್ರಿಯ ಕೊಡೆ. ನನಗೇ ಮೆಚ್ಚುಗೆಯಾಯಿತು.

ಅಷ್ಟರಲ್ಲಿ ಮಧ್ಯಾಹ್ನದ ನಿದ್ದೆ ಮುಗಿಸಿ ನಮ್ಮ ಮನೆಯವರು ಬಂದರು. ಹಾಳೆ ಎತ್ತಿಕೊಂಡು ಕನ್ನಡಕವಿಲ್ಲದೆ ದೂರ ಹಿಡಿದು ಓದಿದರು.

"ಇದು ನಾನಲ್ವೇನೇ?"

"ಅಲ್ಲ ರೀ, ಹೆನ್ರಿ."

"ಕಾಫಿ ನನ್ನದು, ತಟ್ಟೆ ನನ್ನದು, ಕೊಡೆ ನನ್ನದು. ಜೀವ ಮಾತ್ರ ಹೆನ್ರಿದಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಪೆನ್ಶನ್ ಎಷ್ಟು ಬರ್ತಿದೆ ನಿನಗೆ?" ಅಂತಲೂ ಕೇಳಿದರು.

ಮಗ ನಗಲಿಲ್ಲ. ನನ್ನ ಹಾಳೆ ಇಸಿದುಕೊಂಡು ತನ್ನ ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡ. ಹಿನ್ನೆಲೆಯಲ್ಲಿ ಬರೆದದ್ದನ್ನು ಕೀಪರ್ ನಮ್ಮ ಮೇಲೇ ಬಳಸುತ್ತಾನೆ ಅನ್ನುವುದನ್ನು ಯಾರೂ ನನಗೆ ಹೇಳಿರಲಿಲ್ಲ.

ಕತ್ತಲಾಯಿತು. ಲೈಟು ಆರಿಸಿ ದೇವರ ಮನೆಯ ದೀಪ ತಂದಿಟ್ಟ. ದನಿ ತಗ್ಗಿಸಿ ಶುರುಮಾಡಿದ. ರಾತ್ರಿ 11 ಗಂಟೆ. ಹೊರಗೆ ಮಳೆ. ಲೈಬ್ರರಿಗೆ ಬೀಗ ಹಾಕಿ ಮಾರ್ಗರೆಟ್ ಒಬ್ಬಳೇ ಮನೆಗೆ ಬಂದಿದ್ದಾಳೆ. ಮೂಲೆಯಲ್ಲಿದ್ದ ಕೊಡೆ ಕಾಣುತ್ತಿಲ್ಲ. ಮೇಲಿನ ಕೋಣೆಯಲ್ಲಿ ಯಾರೋ ನಡೆದಾಡುವ ಸದ್ದು. ಮೆಟ್ಟಿಲು ಕಿರ್ ಅಂತು. ಏಳು ವರ್ಷದಿಂದ ಕೇಳದ ಒಂದು ದನಿ ಈಗ...

"ಕಾಫಿ ಆಯ್ತಾ?"

ಬಾಗಿಲ ಹತ್ತಿರದ ಕತ್ತಲಿನಿಂದ ಬಂತು. ಮಗ ಹೇಳಿದ್ದಲ್ಲ.

ನೂರರ ದಾಳ ಎಸಿ, 70ರೊಳಗೆ ಬಿದ್ದರೆ ಬುದ್ಧಿ ನೆಟ್ಟಗಿರುತ್ತೆ ಅಂದ ಮಗ. ಕೈ ನಡುಗಿತ್ತು. ಒಂದು ದಾಳ ಚಾಪೆಯ ಮೇಲೆ ಸೊನ್ನೆ ತೋರಿಸಿ ನಿಂತಿತು. ಇನ್ನೊಂದು ಸೀದಾ ಬೀರುವಿನ ಕೆಳಗೆ ಹೋಯಿತು.

ಯಾರೂ ಏಳಲಿಲ್ಲ. "ಪೊರಕೆ ನಾನೇ ತರ್ತೀನಿ ಬಿಡೇ" ಅಂದರು ಹೆನ್ರಿ.