ಬಾವಿಯ ನಕಾಶೆ ಮತ್ತು ಹೆಸರಿಲ್ಲದ ಅಜ್ಜ

ಮೇಜಿನ ಸುತ್ತ ಕುಳಿತು ಪಾತ್ರಗಳಾಗಿ ಆಡುವ ಮೂರು ತಾಸಿನ ಕಥೆಯಾಟಕ್ಕೆ ಎಷ್ಟು ತಾಸಿನ ತಯಾರಿ ಬೇಕು ಎಂದು ನಮ್ಮ ಗುಂಪಿನ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು. ಮುಂದಿನ ತಿಂಗಳಿನಿಂದ ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವವಳು, ಅವಳೇ. ಆಗ ಬಾಯಿಮಾತಿನಲ್ಲಿ ಕೊಟ್ಟ ಉತ್ತರ ಸಾಲದೆನ್ನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಬೆಳೆದುಬಂದ ಪದ್ಧತಿ ಇದು. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ಊರು, ಜನ, ವೈರಿ, ಮಳೆ, ಬಿಸಿಲು ಎಲ್ಲವೂ ಗೇಮ್ ಮಾಸ್ಟರ್ ಪಾಲಿಗೆ. ಪಾತ್ರ ಮಾಡಹೊರಟ ಕೆಲಸ ಕೈಗೂಡುವುದೋ ಇಲ್ಲವೋ ಎಂಬ ಸಂದೇಹ ಬಂದಾಗ 20 ಮುಖಗಳ ದಾಳ ಉರುಳುತ್ತದೆ.

ನಾನು ಮೊದಲ ಆಟ ನಡೆಸಿದ್ದು ಧಾರವಾಡದ ಸಪ್ತಾಪುರದಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ. ಆಟದ ಊರು ಕಲ್ಯಾಣ ಚಾಲುಕ್ಯರ ಕಾಲದ ಲಕ್ಕುಂಡಿ. ಶಾಸನಗಳ ಲೊಕ್ಕಿಗುಂಡಿ, ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಊರು, ನಾಣ್ಯ ಅಚ್ಚುಹಾಕುವ ಟಂಕಸಾಲೆಯಿದ್ದ ಊರು. ಕಥೆಗೆ ಅದಕ್ಕಿಂತ ಒಳ್ಳೆಯ ನೆಲೆ ನನಗೆ ಹೊಳೆಯಲಿಲ್ಲ. ಗದಗಿನ ಮೇಲೆ ಎರಡು ಸಲ ಹೋಗಿ, ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯ ಮೆಟ್ಟಿಲುಗಳ ಮೇಲೆ ಕುಳಿತು ಗ್ರಾಫ್ ಹಾಳೆಯಲ್ಲಿ ಅದರ ನಕಾಶೆ ಬರೆದೆ. ಯಾವ ಮೆಟ್ಟಿಲ ಕೆಳಗೆ ಕದ್ದ ಗದ್ಯಾಣಗಳು, ಅಂದರೆ ಆ ಕಾಲದ ಚಿನ್ನದ ನಾಣ್ಯಗಳು, ಇವೆ, ಯಾವ ಗೂಡಿನ ಹಿಂದೆ ಕಳ್ಳ ಅಡಗಿದ್ದಾನೆ, ಅವನು ಮೊದಲು ಏನನ್ನುತ್ತಾನೆ ಎಂಬುದೆಲ್ಲ ಹದಿನಾರು ಪುಟವಾಯಿತು.

ಆಟ ಶುರುವಾಗಿ ಹತ್ತು ನಿಮಿಷವಾಗಿತ್ತು. ಕತ್ತಲಾಗುತ್ತಿದೆ, ಬಾವಿಯ ಕಟ್ಟೆಯ ಮೇಲೆ ಒಬ್ಬ ಮುದುಕ ಕುಳಿತಿದ್ದಾನೆ ಎಂದೆ. ಗೆಳೆಯನೊಬ್ಬ ದಾಳವನ್ನು ಮೇಜಿನ ಮೇಲಿಟ್ಟು ಕೇಳಿದ: "ಬಾವ್ಯಾಗ ಆಮ್ಯಾಲೆ ಇಳಿಯೋಣು. ಆ ಅಜ್ಜನ ಹೆಸರೇನು? ಇಷ್ಟೊತ್ತಿನ್ಯಾಗ ಇಲ್ಲಿ ಯಾಕ ಕುಂತಾನ?" ನಾನು ಹದಿನಾರೂ ಪುಟ ತಿರುವಿದೆ. ಅಜ್ಜನಿಗೆ ಹೆಸರಿರಲಿಲ್ಲ. ಅವನು ಮಾತಾಡುವುದಿಲ್ಲ ಎಂದು ಹೇಳಿ ಅವರನ್ನು ಬಾವಿಯ ಕಡೆ ತಳ್ಳಿದೆ. ಸ್ನೇಹಕ್ಕೆ ಕಟ್ಟುಬಿದ್ದು ಇಳಿದರು. ಆದರೆ ಮುಂದಿನ ಎರಡು ತಾಸು ಅವರು ಆಡಲಿಲ್ಲ, ನಾನು ಓದಿದ್ದನ್ನು ಕೇಳುತ್ತ ಕುಳಿತರು.

ನನ್ನ ತಯಾರಿ ಹೆಚ್ಚಾಗಿತ್ತು ಎಂದು ಕೆಲವರು ಅಂದರು. ಅದನ್ನು ನಾನು ಒಪ್ಪುವುದಿಲ್ಲ. ಆಟಗಾರರು ಮಾಡಬೇಕಾದ ತೀರ್ಮಾನಗಳನ್ನು ನಾನೇ ಮೊದಲು ಮಾಡಿಟ್ಟಿದ್ದೆ, ನನ್ನ ಪಾಲಿನದನ್ನು ಬಿಟ್ಟಿದ್ದೆ. ಏನೂ ತಯಾರಿಲ್ಲದೆ ನಡೆಸುವುದೇ ಚೆಂದ ಎನ್ನುವವರೊಂದಿಗೂ ನನಗೆ ಜಗಳವಿದೆ. ಕಳ್ಳ ಯಾರೆಂದು ಗೇಮ್ ಮಾಸ್ಟರ್‌ಗೇ ಗೊತ್ತಿಲ್ಲದಿದ್ದರೆ, ಸುಳಿವು ಹಿಡಿದು ತಲೆ ಓಡಿಸಿದ ಆಟಗಾರನ ಬುದ್ಧಿಗೆ ಬೆಲೆ ಎಲ್ಲಿಯದು? ನಡೆದುಹೋದದ್ದು ಮೊದಲೇ ನಿಶ್ಚಯವಾಗಿರಬೇಕು. ಅದನ್ನು ಅವರು ಯಾವ ದಾರಿಯಿಂದ ಕಂಡುಕೊಳ್ಳುತ್ತಾರೆ ಎಂಬುದು ನಿಶ್ಚಯವಾಗಿರಬಾರದು. ಅದಕ್ಕಾಗಿಯೇ ಒಂದು ಗುಟ್ಟಿಗೆ ಮೂರು ಸುಳಿವು, ಮೂರು ಬೇರೆ ಬೇರೆ ಜಾಗಗಳಲ್ಲಿ ಇಡುತ್ತೇನೆ. ಎರಡು ತಪ್ಪಿದರೂ ಒಂದು ಸಿಕ್ಕೇ ಸಿಗುತ್ತದೆ.

ಈಗ ಮೂರು ತಾಸಿನ ಆಟಕ್ಕೆ ನನಗೆ ಒಂದೂವರೆ ತಾಸು ಸಾಕು. ಹೊಸ ಊರು ಕಟ್ಟುವಾಗ ಹೆಚ್ಚು ಹಿಡಿಯುತ್ತದೆ. ಒಂದೇ ಹಾಳೆಯಲ್ಲಿ ನಾಲ್ಕೈದು ಜನರನ್ನು ಬರೆಯುತ್ತೇನೆ: ಅವರಿಗೆ ಏನು ಬೇಕು, ಯಾವುದಕ್ಕೆ ಅಂಜುತ್ತಾರೆ, ಯಾರೂ ತಡೆಯದಿದ್ದರೆ ನಾಳೆ ಏನು ಮಾಡುತ್ತಾರೆ. ಕಾದಾಟ ಬರುವಂತಿದ್ದರೆ ವೈರಿಯ ಬಲದ ಅಂಕಿಗಳನ್ನೂ ಬರೆದಿಡುತ್ತೇನೆ, ಏಕೆಂದರೆ ನಡುವೆ ಅಂಕಿ ಬದಲಿಸುವುದು ಮೋಸ. ಹಿಂಬದಿಯಲ್ಲಿ ಕೇತಬ್ಬೆ, ಮಾರಯ್ಯ, ಸೋವಿಸೆಟ್ಟಿ ಎಂದು ಹತ್ತು ಹೆಸರುಗಳು, ಯಾರ ಪಾಲಿಗೂ ಇನ್ನೂ ಹೋಗದವು. ನಕಾಶೆ ಬರೆಯುವ ಸುಖವನ್ನು ಮಾತ್ರ ನಾನು ಬಿಟ್ಟಿಲ್ಲ, ಬರೆಯುವವರು ಬರೆಯಲಿ.

ಆ ಹುಡುಗಿಗೆ ನನ್ನ ಹಳೆಯ ಲಕ್ಕುಂಡಿಯ ಹಾಳೆಯನ್ನೇ ಹೊಸದಾಗಿ ಬರೆದು ಕೊಟ್ಟಿದ್ದೇನೆ. ಅದರ ಮೊದಲ ಸಾಲಿನಲ್ಲಿರುವವನು ಬಾವಿಯ ಕಟ್ಟೆಯ ಅಜ್ಜ. ಹೆಸರು ಮಾರಯ್ಯ. ಟಂಕಸಾಲೆಗೆ ಕೆಲಸಕ್ಕೆ ಹೋದ ಮಗ ಮೂರು ರಾತ್ರಿಯಿಂದ ಮನೆಗೆ ಬಂದಿಲ್ಲ.