ಆಖೆನ್‌ನ ಕುದುರೆಗೆ ಇರುವ ಹಕ್ಕು ಹಾವೇರಿಯ ಹೋರಿಗೂ ಬೇಕು

ಕುದುರೆ ಮೇಲೆ ಕೂತು ತಡೆಗಳನ್ನು ಹಾರಿಸುವ ಶೋ ಜಂಪಿಂಗ್ ಆಟದಲ್ಲಿ ನನಗೆ ಬಹಳ ಹಿಡಿಸಿದ ನಿಯಮ ಒಂದಿದೆ. ಓಡಿ ಬಂದ ಕುದುರೆ ತಡೆಯ ಮುಂದೆ ಗಕ್ಕನೆ ನಿಂತುಬಿಟ್ಟರೆ ಸವಾರನ ಲೆಕ್ಕಕ್ಕೆ 4 ತಪ್ಪಂಕ ಬೀಳುತ್ತವೆ. ಎರಡನೇ ಸಲ ನಿಂತರೆ ಗಂಟೆ ಬಾರಿಸುತ್ತದೆ, ಸ್ಪರ್ಧೆಯಿಂದಲೇ ಹೊರಗೆ. ಸವಾರ ಒಲಿಂಪಿಕ್ ಚಿನ್ನ ಗೆದ್ದವನಾಗಿರಲಿ, ಕುದುರೆಯ ಬೆಲೆ ಕೋಟಿಗಟ್ಟಲೆ ಇರಲಿ, ಎಲ್ಲರಿಗೂ ಒಂದೇ ಲೆಕ್ಕ. ಕುದುರೆ ಒಲ್ಲೆ ಅಂದರೆ ಮುಗೀತು.

ನಾನಿರುವುದು ಜರ್ಮನಿಯ ಆಖೆನ್‌ನಲ್ಲಿ. ಬೆಲ್ಜಿಯಂ ಮತ್ತು ನೆದರ್‌ಲ್ಯಾಂಡ್ಸ್ ಗಡಿಗೆ ಅಂಟಿಕೊಂಡ ಊರು. ಇಲ್ಲಿನ ಸೋರ್ಸ್ ಮೈದಾನದಲ್ಲಿ ಪ್ರತಿ ಬೇಸಿಗೆಗೆ ಸಿಎಚ್‌ಐಒ ಅನ್ನುವ ಅಂತಾರಾಷ್ಟ್ರೀಯ ಕುದುರೆ ಹಬ್ಬ ನಡೆಯುತ್ತದೆ. ಇಲ್ಲಿ ಮೊದಲ ಸ್ಪರ್ಧೆ ಆಗಿದ್ದು 1924ರಲ್ಲಿ. ಮುಖ್ಯ ಕ್ರೀಡಾಂಗಣದಲ್ಲಿ 40,000 ಜನ ಹಿಡಿಸುತ್ತಾರೆ. ನನ್ನ ಹುಟ್ಟೂರು ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ನನ್ನ ತಮ್ಮ ಇವತ್ತಿಗೂ ಮನೆ ಮುಂದೆ ಓಡೋ ಹೋರಿ ಕಟ್ಟಿದ್ದಾನೆ. ಇಲ್ಲಿ ಕುದುರೆ ನೋಡುವಾಗೆಲ್ಲ ನನಗೆ ಆ ಹೋರಿಯೇ ನೆನಪಾಗುತ್ತದೆ.

ನಮ್ಮ ಹೋರಿ ಹಬ್ಬ, ಅಂದರೆ ದೀಪಾವಳಿಗೆ ಹೋರಿ ಓಡಿಸಿ ಅದರ ಕೊರಳಿನ ಕೊಬ್ಬರಿ ಹರಿಯುವ ಆಟ, ನಿಲ್ಲಬಾರದು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆಖೆನ್‌ನ ಕುದುರೆಗೆ ಇರುವ ಆ ‘ಒಲ್ಲೆ’ ಅನ್ನುವ ಹಕ್ಕನ್ನು ನಮ್ಮ ಹೋರಿಗೂ ಬರೆದುಕೊಡಬೇಕು. ಬಾಯಿಮಾತಿನಲ್ಲಿ ಸಾಲದು, ಹಬ್ಬ ನಡೆಸುವ ಕಮಿಟಿಯ ಕಾಗದದ ಮೇಲೆ ಇರಬೇಕು.

ಶೋ ಜಂಪಿಂಗ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಹುಲ್ಲುಹಾಸಿನ ಮೈದಾನದಲ್ಲಿ ಹತ್ತು ಹನ್ನೆರಡು ತಡೆಗಳಿರುತ್ತವೆ. ಕೆಲವು ನೆಟ್ಟಗೆ ನಿಂತಿರುತ್ತವೆ. ಕೆಲವು ಅಗಲವಾಗಿರುತ್ತವೆ, ಎತ್ತರದ ಜೊತೆಗೆ ದೂರವನ್ನೂ ದಾಟಬೇಕು. ಒಂದೆಡೆ ನೀರಿನ ಹೊಂಡ. ದೊಡ್ಡ ಸ್ಪರ್ಧೆಗಳಲ್ಲಿ ಎತ್ತರ 1.60 ಮೀಟರ್ ಮುಟ್ಟುತ್ತದೆ, ಅಂದರೆ ಹೆಚ್ಚುಕಮ್ಮಿ ನನ್ನ ಭುಜಕ್ಕಿಂತ ಮೇಲೆ. ಒಂದು ಗಳ ಬಿದ್ದರೆ 4 ತಪ್ಪಂಕ. ಸವಾರ ಬಿದ್ದರೂ ಹೊರಗೆ, ಕುದುರೆ ಬಿದ್ದರೂ ಹೊರಗೆ. ಒಂದೂ ತಪ್ಪಿಲ್ಲದೆ ಮುಗಿಸಿದವರು ಒಬ್ಬರಿಗಿಂತ ಹೆಚ್ಚಿದ್ದರೆ ಅವರಿಗೆ ಇನ್ನೊಂದು ಸುತ್ತು. ಅಲ್ಲಿ ತಪ್ಪೂ ಆಗಬಾರದು, ವೇಗವೂ ಬೇಕು. ಗಂಡಸರು ಹೆಂಗಸರು ಅಂತ ಬೇರೆ ಬೇರೆ ಸ್ಪರ್ಧೆ ಇಲ್ಲ, ಒಂದೇ ಮೈದಾನ, ಒಂದೇ ಬಹುಮಾನ. ನಮ್ಮಲ್ಲಿ ಹೋರಿಯ ಮೇವು, ನೀರು ಎಲ್ಲ ಅವ್ವನ ಕೈಯಲ್ಲೇ. ಹಬ್ಬದ ದಿನ ಆರತಿ ಎತ್ತುವವಳೂ ಅವಳೇ. ಆದರೆ ಹೋರಿ ಓಡುವ ಹೊತ್ತಿಗೆ ಅವಳಿಗೆ ಜಾಗ ಮಾಳಿಗೆ ಮೇಲೆ. ಇದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ.

ಸ್ಪರ್ಧೆಗೆ ಮುಂಚೆ ಸವಾರರೆಲ್ಲ ಬೂಟು ಹಾಕಿಕೊಂಡು ಮೈದಾನದೊಳಗೆ ನಡೆಯುತ್ತಾರೆ. ಒಂದು ತಡೆಯಿಂದ ಇನ್ನೊಂದಕ್ಕೆ ಹೆಜ್ಜೆ ಹಾಕಿ ಅಳೆಯುತ್ತಾರೆ. ಮನುಷ್ಯನ ನಾಲ್ಕು ಹೆಜ್ಜೆ ಅಂದರೆ ಕುದುರೆಯ ಒಂದು ದಾಪುಗಾಲು, ಸುಮಾರು ಮೂರೂವರೆ ಮೀಟರ್. ಎಲ್ಲಿ ಐದು ದಾಪುಗಾಲು, ಎಲ್ಲಿ ಆರು, ಎಲ್ಲಿ ಲಗಾಮು ಬಿಗಿ ಹಿಡಿಯಬೇಕು, ಎಲ್ಲಿ ಬಿಡಬೇಕು, ಎಲ್ಲ ಆಗಲೇ ತೀರ್ಮಾನ ಆಗುತ್ತದೆ. ಪಾಪ ಕುದುರೆಗೆ ಇದ್ಯಾವುದೂ ಗೊತ್ತಿಲ್ಲ. ಅದು ಆ ದಾರಿಯನ್ನು ಮೊದಲ ಸಲ ನೋಡುವುದೇ ಗಂಟೆ ಬಾರಿಸುವ ಹೊತ್ತಿಗೆ. ಬೆನ್ನ ಮೇಲೆ ಕೂತವನನ್ನು ನಂಬಿಯೇ ಹಾರಬೇಕು. ಅದಕ್ಕೇ ಅದು ಬೇಡ ಅಂದಾಗ ಕೇಳಲೇಬೇಕು ಅನ್ನುವ ನಿಯಮಕ್ಕೆ ಅಷ್ಟು ತೂಕ.

ತಡೆಗಳನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ದೂರದಿಂದ ಅವು ಗಟ್ಟಿ ಬೇಲಿಯ ಹಾಗೆ ಕಾಣುತ್ತವೆ. ಆದರೆ ಮರದ ಗಳವನ್ನು ಎಲ್ಲೂ ಕಟ್ಟಿರುವುದಿಲ್ಲ, ಮೊಳೆ ಹೊಡೆದಿರುವುದಿಲ್ಲ. ಎರಡೂ ಕಡೆ ಕಬ್ಬಿಣದ ಸಣ್ಣ ಬಟ್ಟಲು. ಅದರ ಆಳ ತೀರಾ ಕಡಿಮೆ. ಗಳ ಅದರಲ್ಲಿ ಸುಮ್ನೆ ಕೂತಿರುತ್ತದೆ. ಗೊರಸು ತಾಗಿದರೆ ಸಾಕು, ಉರುಳಿ ಬೀಳುತ್ತದೆ. ಅಗಲದ ತಡೆಯ ಹಿಂದಿನ ಗಳಕ್ಕೆ ಇನ್ನೂ ಹೆಚ್ಚಿನ ಜಾಗ್ರತೆ. ಅಲ್ಲಿನ ಬಟ್ಟಲೇ ಭಾರ ಬಿದ್ದರೆ ಕಳಚಿಕೊಳ್ಳುತ್ತದೆ. ಕುದುರೆ ಲೆಕ್ಕ ತಪ್ಪಿ ಅದರ ಮೇಲೆ ಬಿದ್ದರೂ ಕಾಲು ಸಿಕ್ಕಿಹಾಕಿಕೊಳ್ಳಬಾರದು ಅಂತ. ತಡೆ ಕಟ್ಟುವವನೇ ಕುದುರೆಯ ಕಾಲಿನ ಬಗ್ಗೆ ಮೊದಲು ಯೋಚನೆ ಮಾಡಿರುತ್ತಾನೆ.

ಸ್ಪರ್ಧೆಗೆ ಬಂದ ಕುದುರೆಗಳನ್ನು ಮೊದಲು ಪಶುವೈದ್ಯರ ಮುಂದೆ ಗಟ್ಟಿ ನೆಲದ ಮೇಲೆ ಓಡಿಸುತ್ತಾರೆ. ಬೆನ್ನ ಮೇಲೆ ಜೀನೂ ಇಲ್ಲ, ಸವಾರನೂ ಇಲ್ಲ. ಕುಂಟಿದರೆ ಪ್ರವೇಶವಿಲ್ಲ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಆಡುವ ಇವೆಂಟಿಂಗ್ ಅನ್ನುವ ಮೂರು ಹಂತದ ಕುದುರೆ ಸ್ಪರ್ಧೆಯಲ್ಲಿ ಈ ಪರೀಕ್ಷೆ ಎರಡು ಸಲ. ಕಾಡುಮೇಡಿನ ಓಟ ಮುಗಿಸಿದ ಕುದುರೆ ಮತ್ತೆ ವೈದ್ಯರ ಮುಂದೆ ಪಾಸಾದರೆ ಮಾತ್ರ ಕೊನೆಯ ಜಂಪಿಂಗ್‌ಗೆ ಬಿಡುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಿರ್ಜಾ ಅದನ್ನೆಲ್ಲ ದಾಟಿ 23ನೇ ಸ್ಥಾನ ಪಡೆದರು. ಅವರು ತಯಾರಾಗಿದ್ದೂ ಜರ್ಮನಿಯಲ್ಲೇ.

ಇಷ್ಟೆಲ್ಲ ಹೇಳಿದೆ ಅಂತ ಇಲ್ಲಿಯವರು ಹುಟ್ಟಾ ಒಳ್ಳೆಯವರು ಅಂತಲ್ಲ. ಈ ನಿಯಮಗಳ ಹಿಂದೆ ದೊಡ್ಡ ದೊಡ್ಡ ಹಗರಣಗಳಿವೆ. ಹಾರುವ ಕುದುರೆಯ ಕಾಲಿಗೆ ಕೋಲಿನಿಂದ ಬಡಿದು, ಇನ್ನೂ ಮೇಲೆ ಎತ್ತುವ ಹಾಗೆ ಮಾಡುವ ಕೆಟ್ಟ ಚಾಳಿ ಈ ಆಟದಲ್ಲಿತ್ತು. 1990ರಲ್ಲಿ ಇದೇ ಜರ್ಮನಿಯಲ್ಲಿ ಅದರ ವಿಡಿಯೊ ಹೊರಬಂದು ದೇಶವೆಲ್ಲ ಗದ್ದಲವಾಯಿತು. 2008ರ ಒಲಿಂಪಿಕ್ಸ್‌ನ ಕುದುರೆ ಸ್ಪರ್ಧೆಗಳು ಹಾಂಗ್‌ಕಾಂಗ್‌ನಲ್ಲಿ ನಡೆದವು. ಆಗ ನಾಲ್ಕು ಜಂಪಿಂಗ್ ಕುದುರೆಗಳ ಮೈಯಲ್ಲಿ ಕ್ಯಾಪ್ಸೈಸಿನ್ ಸಿಕ್ಕಿತು. ಕ್ಯಾಪ್ಸೈಸಿನ್ ಅಂದರೆ ಮೆಣಸಿನಕಾಯಿಯ ಖಾರದ ಅಂಶ. ಅದನ್ನು ಕಾಲಿಗೆ ಹಚ್ಚಿದರೆ ಚರ್ಮ ಉರಿಯುತ್ತದೆ, ಗಳ ತಾಗಿದರೆ ನೋವು ಜಾಸ್ತಿ ಆಗುತ್ತದೆ, ಕುದುರೆ ಹೆದರಿ ಎತ್ತರಕ್ಕೆ ಹಾರುತ್ತದೆ. ನೋವು ಮರೆಸಲಿಕ್ಕೂ ಅದನ್ನೇ ಬಳಸುತ್ತಾರೆ. ನಾರ್ವೆ ತಂಡ ತನ್ನ ಕಂಚಿನ ಪದಕವನ್ನೇ ಕಳೆದುಕೊಂಡಿತು. ಮೆಣಸಿನಕಾಯಿ ಮಾರುಕಟ್ಟೆಯ ಘಾಟಿನಲ್ಲೇ ಬೆಳೆದವನು ನಾನು. ಚೀಲ ಹೊರುವವರ ಕೈ ಎಷ್ಟು ಉರಿಯುತ್ತದೆ ಅಂತ ನೋಡಿದ್ದೇನೆ. ಅದನ್ನು ಒಂದು ಮೂಕ ಪ್ರಾಣಿಯ ಕಾಲಿಗೆ ಹಚ್ಚುವುದು ಅಂದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಈಗ ಕುದುರೆಯ ಕಾಲನ್ನು ಕೈಯಿಂದ ಸವರಿ ನೋಡುತ್ತಾರೆ, ಸುತ್ತಿದ ಪಟ್ಟಿ ಬಿಚ್ಚಿಸಿ ನೋಡುತ್ತಾರೆ.

2021ರಲ್ಲಿ ಟೋಕಿಯೊದಲ್ಲಿ ಆಗಿದ್ದನ್ನು ಇಲ್ಲಿ ಇನ್ನೂ ಯಾರೂ ಮರೆತಿಲ್ಲ. ಐದು ಆಟ ಸೇರಿಸಿ ಆಡುವ ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಆಗ ಜಂಪಿಂಗ್ ಕೂಡ ಒಂದು ಭಾಗವಾಗಿತ್ತು. ಅಲ್ಲಿ ಸವಾರರಿಗೆ ಚೀಟಿ ಎತ್ತಿ ಗುರುತಿಲ್ಲದ ಕುದುರೆ ಕೊಡುತ್ತಿದ್ದರು. ಮುಂದಿದ್ದ ಜರ್ಮನ್ ಸ್ಪರ್ಧಿಗೆ ಸೇಂಟ್ ಬಾಯ್ ಅನ್ನುವ ಕುದುರೆ ಸಿಕ್ಕಿತು. ಅದು ಹಾರಲು ಒಪ್ಪಲೇ ಇಲ್ಲ. ಸವಾರಳು ಅಳುತ್ತಲೇ ಚಾಟಿ ಬೀಸಿದಳು. ತರಬೇತುದಾರಳು ಬೇಲಿಯ ಆಚೆಯಿಂದ ಕುದುರೆಗೆ ಗುದ್ದಿದಳು. ಲೋಕವೆಲ್ಲ ಟಿವಿಯಲ್ಲಿ ನೋಡಿತು. ಆ ತರಬೇತುದಾರಳನ್ನು ಕೂಟದಿಂದಲೇ ಹೊರಗೆ ಕಳಿಸಿದರು. ಆಮೇಲೆ ಪೆಂಟಾಥ್ಲಾನ್‌ನಿಂದ ಕುದುರೆ ಸವಾರಿಯನ್ನೇ ತೆಗೆಯುವ ತೀರ್ಮಾನವಾಯಿತು. 2024ರ ಪ್ಯಾರಿಸ್ ಒಲಿಂಪಿಕ್ಸ್ ಅದಕ್ಕೆ ಕೊನೆಯದು. ನೂರು ವರ್ಷ ದಾಟಿದ ಪದ್ಧತಿ ಅದು. ತಮ್ಮನ್ನು ತಾವು ತಿದ್ದಿಕೊಳ್ಳದವರ ಆಟವನ್ನು ಜನ ಕೊನೆಗೆ ಕಿತ್ತುಕೊಂಡೇಬಿಡುತ್ತಾರೆ. ಹಾವೇರಿಯ ಹೋರಿ ಅಭಿಮಾನಿಗಳು ಇದನ್ನು ಚೆನ್ನಾಗಿ ಗಮನಿಸಬೇಕು.

ಯಾಕೆಂದರೆ ನಮಗೂ ಒಂದು ಸಲ ಬಾಗಿಲು ಮುಚ್ಚಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ಎರಡನ್ನೂ ನಿಷೇಧಿಸಿತು. ಬಾಲ ತಿರುಚುವುದು, ಬಡಿಯುವುದು, ಎಲ್ಲ ಆ ತೀರ್ಪಿನಲ್ಲಿ ಬಂತು. ಆಮೇಲೆ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ತಮ್ಮ ತಮ್ಮ ಕಾನೂನು ತಿದ್ದಿಕೊಂಡವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಪ್ರಾಣಿಗೆ ಹಿಂಸೆ ಕಡಿಮೆ ಮಾಡುವ ನಿಯಮಗಳು ಇವೆ ಅನ್ನುವ ಆಧಾರದ ಮೇಲೇ ಆ ತೀರ್ಪು ನಿಂತಿದೆ. ನಿಯಮ ಕಾಗದದಲ್ಲೇ ಉಳಿದರೆ ನಾಳೆ ಮತ್ತೆ ಯಾರಾದರೂ ಕೋರ್ಟಿಗೆ ಹೋಗುತ್ತಾರೆ. ಹೋಗಲೂಬೇಕು.

ಪ್ರೀತಿಯ ವಿಷಯಕ್ಕೆ ಬಂದರೆ ನಾವು ಯಾರಿಗೂ ಕಡಿಮೆ ಇಲ್ಲ. ಹಾನಗಲ್, ಬ್ಯಾಡಗಿ, ರಾಣೆಬೆನ್ನೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಹೋರಿ ಮನೆಮಗ. ತಮ್ಮ ತನ್ನ ಹೋರಿಗೆ ಹತ್ತಿಕಾಳು ರುಬ್ಬಿ ಹಾಕುತ್ತಾನೆ, ಹುರುಳಿ ಬೇಯಿಸಿ ಹಾಕುತ್ತಾನೆ. ಕೆರೆಯಲ್ಲಿ ಈಜು ಬಿಡುತ್ತಾನೆ. ದೀಪಾವಳಿ ಪಾಡ್ಯ ಬಂತೆಂದರೆ ಕೋಡಿಗೆ ಬಣ್ಣ, ಮೈಮೇಲೆ ಜೂಲಾ, ಕಾಲಿಗೆ ಗೆಜ್ಜೆ, ಬಲೂನು, ಕೊರಳಿಗೆ ಕೊಬ್ಬರಿ ಸರ. ಅಖಾಡದಲ್ಲಿ ಬಿಟ್ಟರೆ ಅದು ಒಂದೇ ಉಸಿರಿಗೆ ಓಡುತ್ತದೆ. ಕೊಬ್ಬರಿ ಹರಿಯಲು ಬಂದ ಪೈಲ್ವಾನರ ಕೈಗೆ ಸಿಗದೆ ಹೋದರೆ ಹೋರಿ ಗೆದ್ದ ಹಾಗೆ. ಬೆನ್ನ ಮೇಲೆ ಸವಾರನಿಲ್ಲ, ಬಾಯಲ್ಲಿ ಕಬ್ಬಿಣವಿಲ್ಲ. ಗೆಲುವು ಪೂರ್ತಿ ಹೋರಿಯದು. ಈ ಒಂದು ವಿಷಯದಲ್ಲಿ ನಮ್ಮ ಆಟ ಇವರದಕ್ಕಿಂತ ದೊಡ್ಡದು ಅಂತ ನಾನು ಇಲ್ಲಿಯ ಗೆಳೆಯರ ಮುಂದೆ ಎದೆತಟ್ಟಿ ಹೇಳುತ್ತೇನೆ. ಟಿಕೆಟ್ ಬೇರೆ ಇಲ್ಲ. ಹೆಸರು ಮಾಡಿದ ಹೋರಿ ತೀರಿಕೊಂಡರೆ ಊರೇ ಸೇರಿ ಮೆರವಣಿಗೆ ಮಾಡಿ ಮಣ್ಣು ಮಾಡುತ್ತದೆ.

ಜರ್ಮನರಿಗೂ ಅಂಥ ಒಂದು ಕುದುರೆ ಇದೆ, ಹಲ್ಲಾ. 1956ರ ಒಲಿಂಪಿಕ್ಸ್ ಮೆಲ್ಬರ್ನ್‌ನಲ್ಲಿ ಆದರೂ ಆಸ್ಟ್ರೇಲಿಯಾದ ಕ್ವಾರಂಟೈನ್ ಕಾನೂನಿನಿಂದಾಗಿ ಕುದುರೆ ಸ್ಪರ್ಧೆಗಳು ಸ್ಟಾಕ್‌ಹೋಮ್‌ನಲ್ಲಿ ನಡೆದವು. ಮೊದಲ ಸುತ್ತಿನಲ್ಲೇ ಸವಾರ ಹಾನ್ಸ್ ಗುಂಟರ್ ವಿಂಕ್ಲರ್‌ಗೆ ತೊಡೆಸಂದಿಯ ಸ್ನಾಯು ಹರಿಯಿತು. ಎರಡನೇ ಸುತ್ತಿನಲ್ಲಿ ಅವರು ನೋವಿನಿಂದ ಚೀರುತ್ತಲೇ ಕೂತಿದ್ದರು, ಕುದುರೆಗೆ ದಾರಿ ತೋರಿಸುವುದಷ್ಟೇ ಅವರಿಂದಾಯಿತು. ಹಲ್ಲಾ ಒಂದೂ ಗಳ ಬೀಳಿಸದೆ ಸುತ್ತು ಮುಗಿಸಿತು. ಎರಡು ಚಿನ್ನ ಬಂತು. ಆ ಹೆಸರನ್ನು ಇಲ್ಲಿನ ಕುದುರೆ ಸವಾರಿ ಸಂಸ್ಥೆ ಬೇರೆ ಯಾವ ಸ್ಪರ್ಧಾ ಕುದುರೆಗೂ ಕೊಡುವುದಿಲ್ಲ. ಈ ಕಥೆ ಹೇಳಿದಾಗ ತಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದ. “ಅಣ್ಣಾ, ಅದಕ್ಕೂ ಗೊತ್ತಿತ್ತ ನೋಡು ಮ್ಯಾಲೆ ಕುಂತಾವಗ ಆರಾಮ ಇಲ್ಲ ಅಂತ,” ಅಂದ.

ಹಾಗಾಗಿ ಪ್ರೀತಿ ಎರಡೂ ಕಡೆ ಇದೆ. ನಮ್ಮಲ್ಲಿ ಕಡಿಮೆ ಇರುವುದು ಕಟ್ಟುಪಾಡು. ಪ್ರತಿ ವರ್ಷ ಹಬ್ಬದ ಬೆನ್ನಿಗೇ ಗಾಯಗೊಂಡವರ ಸುದ್ದಿ, ಪ್ರಾಣ ಹೋದವರ ಸುದ್ದಿ ಬರುತ್ತದೆ. ಅದರಲ್ಲಿ ಹೋರಿ ಹಿಡಿಯಲು ಹೋಗದೆ ಬರೀ ನೋಡಲು ನಿಂತವರೂ ಇರುತ್ತಾರೆ. ಅಖಾಡದ ಆ ತುದಿಯಲ್ಲಿ ಬೇಲಿ ಇಲ್ಲದೆ ಹೋರಿ ಹೊಲಕ್ಕೆ ನುಗ್ಗುತ್ತದೆ, ರಸ್ತೆಗೆ ಬರುತ್ತದೆ. ಮಾಲೀಕ ರಾತ್ರಿಯೆಲ್ಲ ಹುಡುಕುತ್ತಾ ಅಲೆಯುತ್ತಾನೆ. ಎಷ್ಟೋ ಹೋರಿಗಳು ಜನ ನೋಡಿ ಬೆದರಿ ಅಖಾಡದ ಬಾಯಲ್ಲೇ ಹಿಂದಕ್ಕೆ ತಿರುಗುತ್ತವೆ. ಅಲ್ಲಿ ಹತ್ತು ಜನ ಸೇರಿ ಬಾಲ ಹಿಡಿದು ಮುಂದಕ್ಕೆ ತಳ್ಳುತ್ತಾರೆ. ಆಖೆನ್‌ನಲ್ಲಿ ಗಂಟೆ ಬಾರಿಸುವ ಜಾಗ ಅದು.

ಅಲ್ಲೇ ನಿಲ್ಲಿಸಬೇಕು. ಹಿಂದಕ್ಕೆ ತಿರುಗಿದ ಹೋರಿಯನ್ನು ಮನೆಗೆ ಹೊಡೆದುಕೊಂಡು ಹೋಗಲಿ. ಅದರ ಕೊಬ್ಬರಿ ಅದರ ಕೊರಳಲ್ಲೇ ಇರಲಿ, ಮಾಲೀಕನಿಗೆ ಅದರಿಂದ ಮರ್ಯಾದೆ ಹೋಗಬಾರದು. ಇದನ್ನು ಕಮಿಟಿಯೇ ಮೈಕಿನಲ್ಲಿ ಹೇಳಬೇಕು. ಬಾಲ ಎಳೆದವನಿಗೆ, ಕೋಲು ಎತ್ತಿದವನಿಗೆ ಆ ವರ್ಷ ಯಾವ ಊರಿನ ಅಖಾಡದಲ್ಲೂ ಜಾಗ ಕೊಡಬಾರದು. ಬೆಳಗ್ಗೆ ಪಶುವೈದ್ಯರ ಮುಂದೆ ಪ್ರತಿ ಹೋರಿಯನ್ನೂ ನಡೆಸಿ ನೋಡಬೇಕು. ತಾಲ್ಲೂಕು ಪಶು ಆಸ್ಪತ್ರೆಗೆ ಮೊದಲೇ ತಿಳಿಸಿದರೆ ಆಗದ ಕೆಲಸವೇನೂ ಅಲ್ಲ. ತುರ್ತಿಗೆ 1962 ನಂಬರಿಗೆ ಫೋನ್ ಮಾಡಿದರೆ ಬರುವ ಪಶು ಸಂಜೀವಿನಿ ವಾಹನವೂ ಇದೆ. ಒಂದೇ ದಿನ ನೂರಾರು ಹೋರಿ ಬಿಟ್ಟರೆ ಈ ಪರೀಕ್ಷೆ ನಡೆಯುವುದಿಲ್ಲ, ಸಂಖ್ಯೆಗೂ ಮಿತಿ ಬೇಕು.

“ಪೈಲ್ವಾನರು ಸಿಟ್ಟ ಆಗ್ತಾರ ಅಣ್ಣಾ,” ಅಂತ ತಮ್ಮನ ಆತಂಕ. ಆಗಲಿ. ಹಳೇ ಪೈಲ್ವಾನರನ್ನೇ ಕೂರಿಸಿ ಈ ನಿಯಮ ಬರೆಸಬೇಕು ಅನ್ನುವುದು ನನ್ನ ಮಾತು. ಹೋರಿಯ ಕಿವಿ ಯಾವಾಗ ಹಿಂದಕ್ಕೆ ಬೀಳುತ್ತದೆ, ಯಾವ ಉಸಿರು ಓಟದ ಉಸಿರು, ಯಾವುದು ಹೆದರಿಕೆಯ ಉಸಿರು ಅಂತ ಅವರಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೂ ಗೊತ್ತಿಲ್ಲ. ಆಖೆನ್‌ನಲ್ಲೂ ತಡೆಗಳನ್ನು ಹೊಂದಿಸುವವರು, ಅಭ್ಯಾಸದ ಅಂಗಳದಲ್ಲಿ ನಿಂತು ಕಣ್ಣಿಡುವವರು ಕುದುರೆಗಳ ಜೊತೆಗೇ ಬೆಳೆದವರು.

ಖರ್ಚಿನ ಮಾತು ಬಂದರೆ, ಊರು ಬಿಟ್ಟು ಹೊರಗೆ ದುಡಿಯುವ ನಾವು ಇದ್ದೇವಲ್ಲ. ಹುಬ್ಬಳ್ಳಿ, ಬೆಂಗಳೂರು, ಪುಣೆ, ದುಬೈ, ಎಲ್ಲೆಲ್ಲೋ ಇರುವ ನಮ್ಮೂರ ಹುಡುಗರು ಪ್ರತಿ ವರ್ಷ ಮೊದಲ ಬಹುಮಾನಕ್ಕೆ ಬೈಕು, ಎರಡನೆಯದಕ್ಕೆ ಫ್ರಿಜ್ಜು, ಬಂಗಾರ ಅಂತ ಹಣ ಕೊಡುತ್ತೇವೆ, ಬ್ಯಾನರಿನಲ್ಲಿ ಫೋಟೊ ಹಾಕಿಸಿಕೊಳ್ಳುತ್ತೇವೆ. ಈ ಸಲದ ನನ್ನ ಪಾಲನ್ನು ಅಖಾಡದ ಎರಡೂ ಬದಿಯ ಬೇಲಿಗೆ, ಓಟ ಮುಗಿಸಿದ ಹೋರಿ ನಿಲ್ಲಲು ಕೊನೆಯಲ್ಲೊಂದು ನೆರಳಿನ ದೊಡ್ಡಿಗೆ ಹಾಕಿ ಅಂತ ಕಮಿಟಿಗೆ ತಮ್ಮನ ಕೈಯಲ್ಲಿ ಹೇಳಿ ಕಳಿಸಿದ್ದೇನೆ. ಉಳಿದವರೂ ದೀಪಾವಳಿಗೆ ಮುಂಚೆ, ಕಮಿಟಿಯವರು ಸೇರುವ ಹೊತ್ತಿಗೆ, ಹೀಗೇ ಹೇಳಿ ಕಳಿಸಿ.